ಜೈವಿಕ ಇದ್ದಿಲಿನಲ್ಲಿ ವಿಷಕಾರಿ ಅಂಶಗಳು ಮತ್ತು ತಯಾರಿಕಾ ವಿಧಾನ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕೃಷಿ ತ್ಯಾಜ್ಯದಿಂದ ಜೈವಿಕ ಇದ್ದಿಲನ್ನು, ಅಂದರೆ ಬಯೋಚಾರ್ ಅನ್ನು ತಯಾರಿಸಿ ಮಣ್ಣಿನ ಸುಧಾರಣೆಗಾಗಿ ಬಳಸಲು ರೈತರು, ಸ್ವಸಹಾಯ ಸಂಘಗಳು ಹಾಗೂ ಸಣ್ಣ ಉದ್ದಿಮೆದಾರರು ಆಸಕ್ತಿ ತೋರುತ್ತಿದ್ದಾರೆ. ಸರಿಯಾಗಿ ತಯಾರಿಸಿದ ಇದ್ದಿಲು ಮಣ್ಣಿನಲ್ಲಿ ತೇವಾಂಶ ಹಾಗೂ ಪೋಷಕಾಂಶಗಳನ್ನು ಹಿಡಿದಿಡಲು ಸಹಕಾರಿಯಾಗುತ್ತದೆ. ಆದರೆ ಕ್ರಮತಪ್ಪಿ ತಯಾರಿಸಿದ ಇದ್ದಿಲಿನಲ್ಲಿ ಕ್ಯಾನ್ಸರ್‌ಕಾರಕ ಸಂಯುಕ್ತಗಳು, ಡಯಾಕ್ಸಿನ್‌ಗಳು ಮತ್ತು ಭಾರಲೋಹಗಳು ಉಳಿದುಕೊಳ್ಳುವ ಸಾಧ್ಯತೆಯಿದೆ.

ಇದ್ದಿಲಿನ ಸ್ಥಿರ ಭಾಗವು ಮಣ್ಣಿನಲ್ಲಿ ನೂರಾರು ವರ್ಷ ಉಳಿಯುತ್ತದೆ. ಒಮ್ಮೆ ಜಮೀನಿಗೆ ಬೆರೆಸಿದ ಇದ್ದಿಲನ್ನು ಮತ್ತೆ ಬೇರ್ಪಡಿಸಿ ತೆಗೆಯಲು ಸಾಧ್ಯವಿಲ್ಲ. ಆದುದರಿಂದ ವಿಷಕಾರಿ ಅಂಶಗಳ ನಿಯಂತ್ರಣವು ಭಟ್ಟಿಯ ಹಂತದಲ್ಲಿಯೇ ಆಗತಕ್ಕದ್ದು. ಘಟಕ ಸ್ಥಾಪಿಸಲು, ಮಾದರಿ ಪರೀಕ್ಷೆ ಮಾಡಿಸಲು ಅಥವಾ ಇದ್ದಿಲನ್ನು ಖರೀದಿಸಲು ಉದ್ದೇಶಿಸಿರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಜೈವಿಕ ಇದ್ದಿಲು ಎಂದರೇನು?

ಮರ, ಚಿಪ್ಪು, ಹೊಟ್ಟು, ಸಿಪ್ಪೆ, ದಂಟು ಮುಂತಾದ ಸಸ್ಯಜನ್ಯ ವಸ್ತುಗಳನ್ನು ಅತಿ ಕಡಿಮೆ ಆಮ್ಲಜನಕವಿರುವ ಸ್ಥಿತಿಯಲ್ಲಿ ಸಾಮಾನ್ಯವಾಗಿ 350ರಿಂದ 750 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅವು ಉರಿದು ಬೂದಿಯಾಗದೆ ವಿಘಟನೆ ಹೊಂದುತ್ತವೆ. ಈ ಕ್ರಿಯೆಗೆ ಉಷ್ಣವಿಘಟನೆ ಅಥವಾ ಪೈರಾಲಿಸಿಸ್ ಎನ್ನುತ್ತಾರೆ. ಇದರಿಂದ ಮೂರು ಉತ್ಪನ್ನಗಳು ದೊರೆಯುತ್ತವೆ:

(ಅ) ಘನರೂಪದ ಇದ್ದಿಲು;
(ಆ) ತಣಿದಾಗ ದ್ರವವಾಗುವ ಆವಿ, ಅಂದರೆ ಟಾರು ಮತ್ತು ಆಮ್ಲಯುಕ್ತ ನೀರು;
(ಇ) ಉರಿಯಬಲ್ಲ ಅನಿಲಗಳು.

ಇದ್ದಿಲಿನ ಗುಣಮಟ್ಟವು ಈ ಮೂರು ಉತ್ಪನ್ನಗಳು ಒಂದರಿಂದ ಇನ್ನೊಂದು ಎಷ್ಟು ಸ್ವಚ್ಛವಾಗಿ ಬೇರೆಯಾದವು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

3. ಕಂಡುಬರಬಹುದಾದ ವಿಷಕಾರಿ ಅಂಶಗಳು

ಇವುಗಳನ್ನು ಮೂಲದ ಆಧಾರದ ಮೇಲೆ ಎರಡು ವರ್ಗಗಳಾಗಿ ವಿಂಗಡಿಸಬಹುದು.

3.1 ತಯಾರಿಕೆಯ ವೇಳೆ ಹುಟ್ಟುವ ಅಂಶಗಳು

(ಅ) ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು: ಇವನ್ನು ಸಂಕ್ಷಿಪ್ತವಾಗಿ ಪಿಎಎಚ್ ಎನ್ನಲಾಗುತ್ತದೆ. ಸಸ್ಯವಸ್ತುವು ಆಮ್ಲಜನಕದ ಕೊರತೆಯಲ್ಲಿ ಕಾದಾಗಲೆಲ್ಲಾ ಇವು ಉಂಟಾಗುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಗುರುತಿಸಿರುವ 16 ಪಿಎಎಚ್‌ಗಳ ಮೊತ್ತವನ್ನೇ ಇದ್ದಿಲಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅಳೆಯಲಾಗುತ್ತದೆ. ಇವುಗಳಲ್ಲಿ ಒಂದಾದ ಬೆಂಜೋ(ಎ)ಪೈರೀನ್ ಅನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿನಲ್ಲಿ ಸೇರಿಸಿದೆ.

(ಆ) ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳು: ಇವು ಹುಟ್ಟಲು ಕ್ಲೋರಿನ್ ಅವಶ್ಯ. ಕ್ಲೋರಿನ್ ಇದ್ದಲ್ಲಿ, ಮುಖ್ಯವಾಗಿ 200ರಿಂದ 400 ಡಿಗ್ರಿಯ ನಡುವಣ ತಾಪಮಾನದಲ್ಲಿ, ಇಂಗಾಲದ ಮೇಲ್ಮೈಯಲ್ಲಿ ಇವು ರೂಪುಗೊಳ್ಳುತ್ತವೆ. ತಾಮ್ರವು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

(ಇ) ಆವಿಶೀಲ ಸಾವಯವ ಸಂಯುಕ್ತಗಳು: ಫೀನಾಲ್, ಕ್ರೆಸಾಲ್, ಅಸಿಟಿಕ್ ಆಮ್ಲ ಮುಂತಾದವು. ಇವು ಬೀಜದ ಮೊಳಕೆಯನ್ನು ಮತ್ತು ಎಳೆ ಬೇರನ್ನು ಕುಂಠಿತಗೊಳಿಸಬಲ್ಲವು.

3.2 ಕಚ್ಚಾವಸ್ತುವಿನೊಂದಿಗೆ ಅಥವಾ ಉಪಕರಣದಿಂದ ಬರುವ ಅಂಶಗಳು

ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಕ್ರೋಮಿಯಂ, ನಿಕ್ಕಲ್, ತಾಮ್ರ ಮತ್ತು ಸತು. ಲೋಹಗಳು ಮೂಲಧಾತುಗಳಾದ ಕಾರಣ ಯಾವ ತಾಪಮಾನದಲ್ಲಿಯೂ ನಾಶವಾಗುವುದಿಲ್ಲ. ಅವು ಇದ್ದಿಲಿನಲ್ಲಿ ಉಳಿಯುತ್ತವೆ ಇಲ್ಲವೇ ಹೊಗೆಯೊಂದಿಗೆ ಹೊರಹೋಗುತ್ತವೆ.

4. ತಯಾರಿಕಾ ಸ್ಥಿತಿಗಳ ಪರಿಣಾಮ

4.1 ಕಚ್ಚಾವಸ್ತುವಿನ ಆಯ್ಕೆ

ಶುದ್ಧವಾದ ಮರ, ತೆಂಗಿನ ಚಿಪ್ಪು, ಹತ್ತಿ ಕಡ್ಡಿ, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿ ಮುಂತಾದವು ಸಾಮಾನ್ಯವಾಗಿ ಸೂಕ್ತವಾದ ವಸ್ತುಗಳು. ಕೆಳಕಂಡವನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ:

(ಅ) ಪಿವಿಸಿ ಕೊಳವೆ, ರೆಕ್ಸಿನ್ ಮುಂತಾದ ಪ್ಲಾಸ್ಟಿಕ್ ಬೆರೆತ ಕಸ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕ್ಲೋರಿನ್ ಆಗಿರುತ್ತದೆ.
(ಆ) ಬಣ್ಣ ಬಳಿದ ಅಥವಾ ಪ್ಲೈವುಡ್ ರೂಪದ ಹಳೆಯ ಮರ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವಿದೆ.
(ಇ) ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳಿಂದ ಸಂಸ್ಕರಿಸಿದ ಕಂಬ ಹಾಗೂ ಮರಮಟ್ಟು. ಕಾಯಿಸುವಾಗ ಆರ್ಸೆನಿಕ್‌ನ ಒಂದು ಭಾಗ ಹೊಗೆಯಲ್ಲಿ ಹೊರಬಂದು ಕೆಲಸಗಾರರ ಉಸಿರಿಗೆ ಸೇರುತ್ತದೆ. ಉಳಿದ ಲೋಹ ಇದ್ದಿಲಿನಲ್ಲಿಯೇ ನಿಲ್ಲುತ್ತದೆ.
(ಈ) ಉಪ್ಪು ಸೇರಿದ ಆಹಾರ ತ್ಯಾಜ್ಯ. ಅಡುಗೆ ಉಪ್ಪು ಸಹ ಕ್ಲೋರಿನ್‌ನ ಮೂಲವೇ ಆಗಿದೆ.

ಅಡಿಕೆ ಮತ್ತು ಕಾಫಿ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅಡಿಕೆಯ ಕೊಳೆರೋಗದ ಹತೋಟಿಗಾಗಿ ಶೇ. 1ರ ಮತ್ತು ಕಾಫಿಯ ಎಲೆ ತುಕ್ಕು ರೋಗದ ಹತೋಟಿಗಾಗಿ ಶೇ. 0.5ರ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ರೂಢಿ. ಶೇ. 1ರದ್ದು 100 ಲೀಟರ್ ನೀರಿಗೆ 1 ಕಿ.ಗ್ರಾಂ ಮೈಲುತುತ್ತ ಮತ್ತು 1 ಕಿ.ಗ್ರಾಂ ಸುಣ್ಣ ಸೇರಿಸಿ ಮಾಡುವ ದ್ರಾವಣ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರವಿರುತ್ತದೆ. ಸಿಂಪಡಣೆಯಾದ ತೋಟದ ಸಿಪ್ಪೆ, ಎಲೆ ಹಾಗೂ ಕಡ್ಡಿಗಳಲ್ಲಿ ತಾಮ್ರದ ಶೇಷವಿರಬಹುದಾದ ಕಾರಣ, ಇಂತಹ ವಸ್ತುವಿನಿಂದ ತಯಾರಿಸಿದ ಇದ್ದಿಲಿನಲ್ಲಿ ತಾಮ್ರದ ಪ್ರಮಾಣವನ್ನು ತಪ್ಪದೆ ಪರೀಕ್ಷಿಸಬೇಕು.

4.2 ತೇವಾಂಶ

ಹಸಿ ಸೌದೆ ಅಥವಾ ಮಳೆಗೆ ನೆನೆದ ಸಿಪ್ಪೆಯನ್ನು ಭಟ್ಟಿಗೆ ತುಂಬಿದಾಗ ಶಾಖದ ಬಹುಭಾಗ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಭಟ್ಟಿಯೊಳಗೆ ತಾಪಮಾನ ಏರುವುದಿಲ್ಲ, ದಟ್ಟವಾದ ಬಿಳಿ ಹೊಗೆ ಬರುತ್ತದೆ ಮತ್ತು ಟಾರು ಇದ್ದಿಲಿನ ಮೇಲೆ ಕೂರುತ್ತದೆ. ಕಚ್ಚಾವಸ್ತುವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸಾಧ್ಯವಾದಷ್ಟು ಒಂದೇ ಗಾತ್ರದ ತುಂಡುಗಳಾಗಿ ಕತ್ತರಿಸಿ ಬಳಸುವುದು ಸೂಕ್ತ. ದಪ್ಪ ತುಂಡುಗಳ ಒಳಭಾಗ ಅರೆಬೆಂದು ಉಳಿಯುತ್ತದೆ.

4.3 ತಾಪಮಾನ ಮತ್ತು ಅವಧಿ

ಸಾರಾ ಹೇಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 250ರಿಂದ 900 ಡಿಗ್ರಿಯವರೆಗಿನ ವಿವಿಧ ತಾಪಮಾನಗಳಲ್ಲಿ ತಯಾರಾದ 50ಕ್ಕೂ ಹೆಚ್ಚು ಇದ್ದಿಲುಗಳನ್ನು ಪರೀಕ್ಷಿಸಲಾಯಿತು. ನಿಧಾನಗತಿಯ ಉಷ್ಣವಿಘಟನೆಯಿಂದ ಬಂದ ಇದ್ದಿಲುಗಳಲ್ಲಿ ಒಟ್ಟು ಪಿಎಎಚ್ ಪ್ರತಿ ಕಿ.ಗ್ರಾಂಗೆ 0.07ರಿಂದ 3.27 ಮಿ.ಗ್ರಾಂವರೆಗೆ ಇತ್ತು. ತಾಪಮಾನ ಮತ್ತು ಕಾಯಿಸುವ ಅವಧಿ ಹೆಚ್ಚಿದಂತೆ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತಿತ್ತು. ಅನಿಲೀಕರಣ ಘಟಕದಿಂದ, ಅಂದರೆ ಗ್ಯಾಸಿಫೈಯರ್‌ನಿಂದ ಬಂದ ಇದ್ದಿಲಿನಲ್ಲಿ ಮಾತ್ರ ಇದು 45 ಮಿ.ಗ್ರಾಂನಷ್ಟಿತ್ತು.

ಗ್ಯಾಸಿಫೈಯರ್‌ನಲ್ಲಿ ತಾಪಮಾನ ಹೆಚ್ಚಾಗಿದ್ದರೂ ಪಿಎಎಚ್ ಅಧಿಕವಾಗಿರಲು ಕಾರಣವಿದೆ. 700 ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಅನಿಲದ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ಹೊಸದಾಗಿ ಪಿಎಎಚ್ ಆಗುತ್ತವೆ. ಆ ಅನಿಲವು ಇದ್ದಿಲಿನೊಂದಿಗೇ ತಣಿದರೆ ಅವು ಇದ್ದಿಲಿಗೆ ಅಂಟುತ್ತವೆ. ಆದುದರಿಂದ ‘ಹೆಚ್ಚು ಶಾಖ ಕೊಟ್ಟರೆ ವಿಷ ತಾನಾಗಿ ಹೋಗುತ್ತದೆ’ ಎಂಬ ನಂಬಿಕೆಯನ್ನು ಪೂರ್ಣವಾಗಿ ಅವಲಂಬಿಸುವಂತಿಲ್ಲ.

ಭತ್ತದ ಹೊಟ್ಟಿನ ವಿಷಯದಲ್ಲಿ ಅತಿಯಾದ ಶಾಖ ಬೇರೊಂದು ಅಪಾಯವನ್ನು ತರುತ್ತದೆ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ. ತಾಪಮಾನವು 700–800 ಡಿಗ್ರಿಯನ್ನು ಮೀರಿ ದೀರ್ಘಕಾಲ ಮುಂದುವರಿದಲ್ಲಿ ಈ ಸಿಲಿಕಾ ಹರಳುರೂಪಕ್ಕೆ ತಿರುಗಬಹುದು. ಹರಳುರೂಪದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರ.

4.4 ಹೊಗೆ ಮತ್ತು ಆವಿಯ ವಿಲೇವಾರಿ

ಎಲ್ಲ ಅಂಶಗಳಲ್ಲಿ ಇದು ಅತಿ ಮುಖ್ಯವಾದುದು. ಭಟ್ಟಿಯೊಳಗೆ ಉಂಟಾದ ಆವಿ ತಕ್ಷಣ ಹೊರಹೋಗಿ ಉರಿದುಹೋದರೆ ಪಿಎಎಚ್‌ನ ಬಹುಭಾಗ ಜ್ವಾಲೆಯಲ್ಲಿ ನಾಶವಾಗುತ್ತದೆ. ಅದೇ ಆವಿ ಭಟ್ಟಿಯೊಳಗೇ ಸುತ್ತಾಡಿ ತಣ್ಣಗಿರುವ ಮೂಲೆಯಲ್ಲಿ ಇದ್ದಿಲನ್ನು ಮುಟ್ಟಿದರೆ ಅಲ್ಲಿಯೇ ಸಾಂದ್ರೀಕರಣಗೊಳ್ಳುತ್ತದೆ. ಇದ್ದಿಲು ಸೂಕ್ಷ್ಮರಂಧ್ರಗಳಿಂದ ಕೂಡಿದ್ದು ಇಂತಹ ಆವಿಯನ್ನು ಬಲವಾಗಿ ಹೀರಿಕೊಳ್ಳುತ್ತದೆ.

ಬ್ರಿಟನ್ನಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿರುವ ಬಯೋಚಾರ್ ಸಂಶೋಧನಾ ಕೇಂದ್ರವು 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನು ಸಮರ್ಥಿಸುತ್ತದೆ. ಅದರಲ್ಲಿ ಪಿಎಎಚ್ ಪ್ರಮಾಣಕ್ಕೂ ತಾಪಮಾನಕ್ಕೂ ಸ್ಪಷ್ಟವಾದ ನೇರ ಸಂಬಂಧ ಕಂಡುಬರಲಿಲ್ಲ. ಹುಲ್ಲಿನ ಇದ್ದಿಲಿನಲ್ಲಿ ಮರದ ಇದ್ದಿಲಿಗಿಂತ ಪಿಎಎಚ್ ಹೆಚ್ಚಾಗಿತ್ತು. ಆವಿಯು ಇದ್ದಿಲಿನ ಮೇಲೆ ಮತ್ತೆ ಕೂರದಂತೆ ತಡೆಯುವುದೇ ಮುಖ್ಯ ಪರಿಹಾರವೆಂದು ಅಧ್ಯಯನವು ತಿಳಿಸಿತು.

4.5 ನಂದಿಸುವ ಮತ್ತು ತಣಿಸುವ ಕ್ರಮ

ಹೊಗೆ ಇನ್ನೂ ಬರುತ್ತಿರುವಾಗಲೇ ಭಟ್ಟಿಯ ಬಾಯಿ ಮುಚ್ಚಿದಲ್ಲಿ ಒಳಗಿನ ಆವಿಯೆಲ್ಲವೂ ಇದ್ದಿಲಿಗೆ ಸೇರುತ್ತದೆ. ಹೊಗೆ ಪೂರ್ಣವಾಗಿ ನಿಂತ ಬಳಿಕವೇ ಶುದ್ಧ ನೀರಿನಿಂದ ನಂದಿಸಬೇಕು ಅಥವಾ ಗಾಳಿ ಹೋಗದಂತೆ ಮುಚ್ಚಬೇಕು. ನಂದಿಸಿದ ನೀರು ಕ್ಷಾರಯುಕ್ತವಾಗಿರುವುದರಿಂದ ಅದನ್ನು ಬಾವಿ, ಕೆರೆ ಅಥವಾ ಚರಂಡಿಗೆ ಹರಿಯಬಿಡತಕ್ಕದ್ದಲ್ಲ.

4.6 ಭಟ್ಟಿಯ ಲೋಹ

ಸತುವಿನ ಲೇಪವಿರುವ ತಗಡಿನಿಂದ ಭಟ್ಟಿಯನ್ನು ಮಾಡಬಾರದು. ಸತುವು 419 ಡಿಗ್ರಿಯಲ್ಲಿ ಕರಗಿ ಇದ್ದಿಲಿಗೆ ಸೇರುವುದಲ್ಲದೆ ಅದರ ಹೊಗೆ ಕೆಲಸಗಾರರಿಗೆ ಜ್ವರ ತರಬಲ್ಲದು. ಕೀಟನಾಶಕ, ಬಣ್ಣ ಅಥವಾ ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮುಗಳ ಬಳಕೆ ನಿಷಿದ್ಧ. ಸ್ಟೇನ್‌ಲೆಸ್ ಸ್ಟೀಲ್ ಭಾಗಗಳು ಸವೆದಾಗ ಕ್ರೋಮಿಯಂ ಮತ್ತು ನಿಕ್ಕಲ್ ಇದ್ದಿಲಿಗೆ ಸೇರಬಹುದಾದ್ದರಿಂದ ಯಂತ್ರಚಾಲಿತ ಘಟಕಗಳಲ್ಲಿ ಈ ಎರಡು ಲೋಹಗಳನ್ನು ಪರೀಕ್ಷಿಸುವುದು ಅಗತ್ಯ.

5. ಲೋಹಗಳ ಲೆಕ್ಕ

ಒಣ ವಸ್ತುವಿನ ತೂಕ ಭಟ್ಟಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಅಥವಾ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆದರೆ ತಾಮ್ರದಂತಹ ಲೋಹಗಳು ಬಹುತೇಕ ಅಷ್ಟೇ ಉಳಿಯುತ್ತವೆ. ಉದಾಹರಣೆಗಾಗಿ ಈ ಲೆಕ್ಕವನ್ನು ಗಮನಿಸಬಹುದು:

(ಅ) ಒಣ ಸಿಪ್ಪೆ 100 ಕಿ.ಗ್ರಾಂ, ಪ್ರತಿ ಕಿ.ಗ್ರಾಂಗೆ ತಾಮ್ರ 40 ಮಿ.ಗ್ರಾಂ ಇದೆಯೆಂದು ಭಾವಿಸಿದಲ್ಲಿ ಒಟ್ಟು ತಾಮ್ರ 4,000 ಮಿ.ಗ್ರಾಂ.
(ಆ) ದೊರೆತ ಇದ್ದಿಲು 30 ಕಿ.ಗ್ರಾಂ ಆದಲ್ಲಿ, ಪ್ರತಿ ಕಿ.ಗ್ರಾಂಗೆ ತಾಮ್ರ ಸುಮಾರು 133 ಮಿ.ಗ್ರಾಂ.
(ಇ) ತಾಪಮಾನ ಹೆಚ್ಚಿಸಿ 25 ಕಿ.ಗ್ರಾಂ ಇದ್ದಿಲು ಮಾತ್ರ ದೊರೆತಲ್ಲಿ, ಪ್ರತಿ ಕಿ.ಗ್ರಾಂಗೆ ತಾಮ್ರ 160 ಮಿ.ಗ್ರಾಂ.

ಹೀಗೆ, ಪಿಎಎಚ್ ತಗ್ಗಿಸಲು ಶಾಖ ಹೆಚ್ಚಿಸಿದಾಗ ಲೋಹದ ಸಾಂದ್ರತೆ ಏರುತ್ತದೆ. ಈ ಎರಡನ್ನೂ ಒಟ್ಟಿಗೆ ಪರಿಗಣಿಸಬೇಕು. ಮೇಲಿನ (ಆ) ಲೆಕ್ಕದ ಇದ್ದಿಲನ್ನು ಎಕರೆಗೆ 5 ಟನ್ ಹಾಕಿದರೆ ಮಣ್ಣಿಗೆ ಸೇರುವ ತಾಮ್ರ ಸುಮಾರು 665 ಗ್ರಾಂ. ಅದೇ ತೋಟಕ್ಕೆ ಬೋರ್ಡೋ ದ್ರಾವಣದಿಂದಲೂ ಪ್ರತಿವರ್ಷ ತಾಮ್ರ ಸೇರುತ್ತಿದ್ದರೆ ಎರಡನ್ನೂ ಕೂಡಿಸಿ ನೋಡತಕ್ಕದ್ದು.

ಎಲ್ಲ ಲೋಹಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಪಾದರಸವು 357 ಡಿಗ್ರಿಯಲ್ಲಿ ಕುದಿಯುವುದರಿಂದ ಬಹುಪಾಲು ಹೊಗೆಯಲ್ಲಿ ಹೊರಹೋಗುತ್ತದೆ. ಕ್ಯಾಡ್ಮಿಯಂ ಕುದಿಯುವುದು 767 ಡಿಗ್ರಿಯಲ್ಲಿ. ಕ್ಲೋರಿನ್ ಇದ್ದಲ್ಲಿ ಅದು ಇನ್ನೂ ಕಡಿಮೆ ಶಾಖದಲ್ಲಿ ಆವಿಯಾಗಬಹುದು. ತಾಮ್ರ, ಕ್ರೋಮಿಯಂ ಮತ್ತು ನಿಕ್ಕಲ್ ಇದ್ದಿಲಿನಲ್ಲಿಯೇ ನಿಲ್ಲುತ್ತವೆ. ಹೊಗೆಯಲ್ಲಿ ಹೋದ ಲೋಹವು ಸುತ್ತಲಿನ ಗಾಳಿ ಮತ್ತು ನೆಲವನ್ನು ಸೇರುತ್ತದೆ ಎಂಬುದನ್ನು ಮರೆಯಬಾರದು.

6. ಭಟ್ಟಿಗಳ ಬಗೆ

(ಅ) ಮಣ್ಣು ಮುಚ್ಚಿದ ಸಾಂಪ್ರದಾಯಿಕ ಭಟ್ಟಿ: ಹೊಗೆಯು ರಾಶಿಯ ಮೂಲಕವೇ ಹಾದುಬರುತ್ತದೆ. ಮಧ್ಯಭಾಗ ಚೆನ್ನಾಗಿ ಬೆಂದರೂ ಅಂಚಿನಲ್ಲಿ ಅರೆಬೆಂದ, ಟಾರು ಅಂಟಿದ ತುಂಡುಗಳು ಉಳಿಯುತ್ತವೆ. ಇಂತಹ ತುಂಡುಗಳನ್ನು ಆರಿಸಿ ಮುಂದಿನ ಭಟ್ಟಿಗೆ ಹಾಕಬೇಕು.

(ಆ) ತೆರೆದ ಬಾಯಿಯ ಶಂಕುವಿನಾಕಾರದ ಭಟ್ಟಿ: ‘ಕೊನ್-ಟಿಕಿ’ ಎಂಬ ಹೆಸರಿನ ಮಾದರಿಯು 2014ರಿಂದ ಪ್ರಚಾರಕ್ಕೆ ಬಂದಿತು. ವಸ್ತುವನ್ನು ತೆಳು ಪದರಗಳಾಗಿ ಒಂದರ ಮೇಲೊಂದು ಹಾಕುತ್ತಾ ಹೋದಂತೆ, ಕೆಳಗಿನಿಂದ ಏಳುವ ಆವಿಯು ಮೇಲಿನ ಜ್ವಾಲೆಯಲ್ಲಿ ಉರಿದುಹೋಗುತ್ತದೆ. ಒಣ ವಸ್ತು ಬಳಸಿ, ಜ್ವಾಲೆ ಆರದಂತೆ ನೋಡಿಕೊಂಡಲ್ಲಿ ಕಡಿಮೆ ವೆಚ್ಚದಲ್ಲಿ ಶುದ್ಧ ಇದ್ದಿಲು ಪಡೆಯಬಹುದು. ಪದರವನ್ನು ಒಮ್ಮೆಗೇ ದಪ್ಪವಾಗಿ ಹಾಕಿ ಜ್ವಾಲೆಯನ್ನು ಮುಚ್ಚಿದರೆ ಈ ಅನುಕೂಲ ಕೈತಪ್ಪುತ್ತದೆ.

(ಇ) ಮುಚ್ಚಿದ ಧಾರಕದ ಯಂತ್ರಚಾಲಿತ ಘಟಕ: ತಾಪಮಾನವನ್ನು ನಿಖರವಾಗಿ ನಿಯಂತ್ರಿಸಬಹುದು. ಆದರೆ ಇದ್ದಿಲು ಹೊರಬರುವ ಕೊಳವೆಯಲ್ಲಿ ಆವಿ ತಣಿಯದಂತೆ ವ್ಯವಸ್ಥೆ ಇರಬೇಕು. ಇಲ್ಲದಿದ್ದಲ್ಲಿ ದುಬಾರಿ ಯಂತ್ರದಿಂದಲೂ ಕಲುಷಿತ ಇದ್ದಿಲು ಬರುತ್ತದೆ.

7. ಹೋಲಿಕೆಗಾಗಿ ಮಿತಿಗಳು

ಯುರೋಪಿಯನ್ ಒಕ್ಕೂಟದ 2019ರ ಗೊಬ್ಬರ ಉತ್ಪನ್ನಗಳ ನಿಯಮಾವಳಿಯು ಉಷ್ಣವಿಘಟನೆಯಿಂದ ದೊರೆತ ವಸ್ತುಗಳಿಗೆ 16 ಪಿಎಎಚ್‌ಗಳ ಮೊತ್ತವನ್ನು ಪ್ರತಿ ಕಿ.ಗ್ರಾಂ ಒಣ ತೂಕಕ್ಕೆ 6 ಮಿ.ಗ್ರಾಂ ಎಂದೂ, ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳನ್ನು ವಿಷತ್ವ ಸಮಾನಾಂಕದ ಲೆಕ್ಕದಲ್ಲಿ 20 ನ್ಯಾನೋಗ್ರಾಂ ಎಂದೂ ಮಿತಿಗೊಳಿಸಿದೆ. ಈ ವರ್ಗದಲ್ಲಿ ಒಳಚರಂಡಿ ಕೆಸರನ್ನು ಕಚ್ಚಾವಸ್ತುವಾಗಿ ಬಳಸಲು ಅವಕಾಶವಿಲ್ಲ.

ಲೋಹಗಳಿಗೆ ಸಂಬಂಧಿಸಿದಂತೆ, ಯುರೋಪಿಯನ್ ಬಯೋಚಾರ್ ಪ್ರಮಾಣಪತ್ರದ ಕೃಷಿ ದರ್ಜೆಯ ಮಿತಿಗಳನ್ನು ಮತ್ತು ಭಾರತದ ರಸಗೊಬ್ಬರ (ನಿಯಂತ್ರಣ) ಆದೇಶ, 1985ರ ಅಡಿಯಲ್ಲಿ ನಗರ ಕಾಂಪೋಸ್ಟ್‌ಗೆ ನಿಗದಿಪಡಿಸಿದ ಮಿತಿಗಳನ್ನು ಕೆಳಗೆ ನೀಡಲಾಗಿದೆ. ಎರಡನೆಯದು ಕಾಂಪೋಸ್ಟ್‌ಗೆ ಸಂಬಂಧಿಸಿದ್ದು, ಇಲ್ಲಿ ಹೋಲಿಕೆಗಾಗಿ ಮಾತ್ರ ಕೊಡಲಾಗಿದೆ. (ಪ್ರತಿ ಕಿ.ಗ್ರಾಂಗೆ ಮಿ.ಗ್ರಾಂ, ಮೊದಲನೆಯದು ಇದ್ದಿಲು, ಎರಡನೆಯದು ಕಾಂಪೋಸ್ಟ್)

ಸೀಸ: 120 – 100
ಕ್ಯಾಡ್ಮಿಯಂ: 1.5 – 5
ಆರ್ಸೆನಿಕ್: 13 – 10
ಪಾದರಸ: 1 – 0.15
ಕ್ರೋಮಿಯಂ: 90 – 50
ನಿಕ್ಕಲ್: 50 – 50
ತಾಮ್ರ: 100 – 300
ಸತು: 400 – 1000

8. ಮಾದರಿ ಸಂಗ್ರಹ ಮತ್ತು ಪರೀಕ್ಷೆ

(ಅ) ರಾಶಿಯ ಮೇಲ್ಭಾಗ, ನಡು, ತಳ ಮತ್ತು ಅಂಚುಗಳಿಂದ ಕನಿಷ್ಠ 10 ಕಡೆ ಸ್ವಲ್ಪ ಸ್ವಲ್ಪ ಇದ್ದಿಲು ತೆಗೆದು, ಬೆರೆಸಿ, ಅದರಿಂದ ಮಾದರಿ ಸಿದ್ಧಪಡಿಸಬೇಕು. ಚೆನ್ನಾಗಿ ಬೆಂದ ತುಂಡುಗಳನ್ನಷ್ಟೇ ಆರಿಸಿ ಕಳುಹಿಸಿದಲ್ಲಿ ವರದಿಗೆ ಬೆಲೆಯಿಲ್ಲ.
(ಆ) ಪಿಎಎಚ್ ಪರೀಕ್ಷೆಯ ಮಾದರಿಯನ್ನು ಗಾಜಿನ ಅಥವಾ ಲೋಹದ ಡಬ್ಬಿಯಲ್ಲಿ ಕಳುಹಿಸುವುದು ಸೂಕ್ತ.
(ಇ) ಇದ್ದಿಲು ಪಿಎಎಚ್ ಅನ್ನು ಬಲವಾಗಿ ಹಿಡಿದಿಟ್ಟುಕೊಳ್ಳುವುದರಿಂದ ಮಣ್ಣಿನ ಪರೀಕ್ಷೆಗೆ ಬಳಸುವ ಸಾಮಾನ್ಯ ವಿಧಾನದಲ್ಲಿ ಪ್ರಮಾಣವು ಕಡಿಮೆ ಕಾಣಿಸಬಹುದು. ಟೊಲುಯೀನ್ ದ್ರಾವಕದಿಂದ ಬೇರ್ಪಡಿಸಿ ಅಳೆಯುವಂತೆ ಪ್ರಯೋಗಾಲಯವನ್ನು ಕೋರಬೇಕು.
(ಈ) ಹೈಡ್ರೋಜನ್ ಮತ್ತು ಸಾವಯವ ಇಂಗಾಲದ ಪರಮಾಣು ಅನುಪಾತವನ್ನೂ ಕೇಳಿ ಪಡೆಯುವುದು ಉತ್ತಮ. ಅದು 0.7ಕ್ಕಿಂತ ಹೆಚ್ಚಿದ್ದಲ್ಲಿ ಇದ್ದಿಲು ಸರಿಯಾಗಿ ಬೆಂದಿಲ್ಲವೆಂದು ತಿಳಿಯಬೇಕು.
(ಉ) ಪ್ರಯೋಗಾಲಯಕ್ಕೆ ಕೋರಿದ ಪರೀಕ್ಷೆಗಳಲ್ಲಿ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಮನೆಯಲ್ಲಿಯೇ ಮಾಡಬಹುದಾದ ಪ್ರಾಥಮಿಕ ಪರೀಕ್ಷೆ: ಎರಡು ಕುಂಡಗಳಲ್ಲಿ ಒಂದೇ ಮಣ್ಣು ತುಂಬಿ, ಒಂದಕ್ಕೆ ಮಾತ್ರ ಇದ್ದಿಲು ಬೆರೆಸಿ, ಎರಡರಲ್ಲಿಯೂ ಅಷ್ಟೇ ಸಂಖ್ಯೆಯ ರಾಗಿ ಅಥವಾ ಸಾಸಿವೆ ಬೀಜ ಬಿತ್ತಬೇಕು. ಇದ್ದಿಲು ಬೆರೆಸಿದ ಕುಂಡದಲ್ಲಿ ಮೊಳಕೆ ಗಮನಾರ್ಹವಾಗಿ ಕುಂಠಿತವಾದಲ್ಲಿ ಆ ಇದ್ದಿಲನ್ನು ಜಮೀನಿಗೆ ಹಾಕಬಾರದು. ಈ ಪರೀಕ್ಷೆಯು ಪಿಎಎಚ್ ಅಥವಾ ಲೋಹದ ಪರೀಕ್ಷೆಗೆ ಬದಲಿಯಲ್ಲ.

9. ಅರ್ಜಿದಾರರು ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

ಘಟಕ ಅಥವಾ ಪರೀಕ್ಷೆಗೆ ಸಂಬಂಧಿಸಿ ಯಾವುದೇ ಕಛೇರಿಗೆ ಅರ್ಜಿ ಸಲ್ಲಿಸುವಾಗ ಈ ಕೆಳಕಂಡ ವಿವರಗಳು ಕೈಯಲ್ಲಿದ್ದರೆ ಪರಿಶೀಲನೆ ಸುಲಭವಾಗುತ್ತದೆ:

(ಅ) ಕಚ್ಚಾವಸ್ತುವಿನ ಹೆಸರು, ಮೂಲ ಮತ್ತು ಸಿಂಪಡಣೆಯ ವಿವರ;
(ಆ) ಭಟ್ಟಿಯ ಬಗೆ ಮತ್ತು ಅದನ್ನು ತಯಾರಿಸಿದ ಲೋಹ;
(ಇ) ಹೊಗೆಯ ವಿಲೇವಾರಿ ವ್ಯವಸ್ಥೆ;
(ಈ) ಪ್ರತಿ ಭಟ್ಟಿಯ ದಿನಾಂಕ, ಹಾಕಿದ ತೂಕ, ಪಡೆದ ತೂಕ, ತಾಪಮಾನ ಮತ್ತು ಅವಧಿಯನ್ನು ನಮೂದಿಸಿದ ವಹಿ;
(ಉ) ಇತ್ತೀಚಿನ ಪರೀಕ್ಷಾ ವರದಿ.

ವಾಣಿಜ್ಯ ಘಟಕ ಸ್ಥಾಪಿಸುವವರು ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981ರ ಅಡಿಯಲ್ಲಿ ತಮ್ಮ ಘಟಕಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅಗತ್ಯವಿದೆಯೇ ಎಂಬುದನ್ನು ಬಂಡವಾಳ ಹೂಡುವ ಮೊದಲೇ ವಿಚಾರಿಸಿ ತಿಳಿಯತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇದ್ದಿಲಿನಲ್ಲಿ ಪಿಎಎಚ್ ಇದ್ದರೆ ಅದೆಲ್ಲವೂ ಬೆಳೆಗೆ ಸೇರುತ್ತದೆಯೇ?
ಉತ್ತರ: ಇಲ್ಲ. ಬಹುಭಾಗ ಇದ್ದಿಲಿಗೆ ಬಲವಾಗಿ ಅಂಟಿಕೊಂಡಿರುತ್ತದೆ. ಮೇಲೆ ತಿಳಿಸಿದ 2012ರ ಅಧ್ಯಯನದಲ್ಲಿ ನಿಧಾನಗತಿಯ ಉಷ್ಣವಿಘಟನೆಯಿಂದ ಬಂದ ಇದ್ದಿಲುಗಳಿಂದ ನೀರಿಗೆ ಬಿಡುಗಡೆಯಾಗಬಲ್ಲ ಪ್ರಮಾಣವು ಲೀಟರಿಗೆ 0.17ರಿಂದ 10 ನ್ಯಾನೋಗ್ರಾಂನಷ್ಟು ಮಾತ್ರ ಇತ್ತು. ಆದರೂ ಧೂಳನ್ನು ಉಸಿರಾಡುವ ಕೆಲಸಗಾರರ ಹಿತದೃಷ್ಟಿಯಿಂದ ಒಟ್ಟು ಪ್ರಮಾಣವೂ ಮುಖ್ಯ.

ಪ್ರಶ್ನೆ: ವಾಸನೆಯಿಲ್ಲದ ಇದ್ದಿಲು ಸುರಕ್ಷಿತವೇ?
ಉತ್ತರ: ಹೊಗೆಯ ಅಥವಾ ಟಾರಿನ ವಾಸನೆ ಇದ್ದಲ್ಲಿ ಇದ್ದಿಲನ್ನು ತಿರಸ್ಕರಿಸಬೇಕು. ಆದರೆ ಲೋಹಗಳಿಗೆ ಮತ್ತು ಭಾರವಾದ ಪಿಎಎಚ್‌ಗಳಿಗೆ ವಾಸನೆ ಇರುವುದಿಲ್ಲ. ವಾಸನೆ ಇಲ್ಲದಿರುವುದೊಂದೇ ಸುರಕ್ಷತೆಗೆ ಆಧಾರವಲ್ಲ.

ಪ್ರಶ್ನೆ: ನೀರಿನಲ್ಲಿ ತೊಳೆದರೆ ಅಥವಾ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿದರೆ ದೋಷ ನಿವಾರಣೆಯಾಗುವುದೇ?
ಉತ್ತರ: ತೊಳೆಯುವುದರಿಂದ ಕರಗುವ ಲವಣ ಮತ್ತು ಆಮ್ಲಗಳು ಕಡಿಮೆಯಾಗುತ್ತವೆ. ಪಿಎಎಚ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಗೊಬ್ಬರದಲ್ಲಿ ಬೆರೆಸಿದಾಗ ಲೋಹವು ಹಂಚಿಕೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಪ್ರಶ್ನೆ: ಕಾರ್ಖಾನೆಯ ಬಾಯ್ಲರಿನ ಕಪ್ಪು ಬೂದಿಯನ್ನು ಜೈವಿಕ ಇದ್ದಿಲೆಂದು ಖರೀದಿಸಬಹುದೇ?
ಉತ್ತರ: ಉರುವಲಿನ ಮೂಲ ಮತ್ತು ಪರೀಕ್ಷಾ ವರದಿ ಇಲ್ಲದೆ ಖರೀದಿಸಬಾರದು. ಉರುವಲಿನೊಂದಿಗೆ ಇತರ ಕಸವನ್ನು ಉರಿಸಿದ್ದಲ್ಲಿ ಲೋಹಗಳು ಬೂದಿಯಲ್ಲಿ ಸಂಗ್ರಹವಾಗಿರುತ್ತವೆ.

ಪ್ರಶ್ನೆ: ಒಮ್ಮೆ ಪರೀಕ್ಷಿಸಿದರೆ ಸಾಕೇ?
ಉತ್ತರ: ವರದಿಯು ಪರೀಕ್ಷಿಸಿದ ರಾಶಿಗೆ ಮಾತ್ರ ಅನ್ವಯಿಸುತ್ತದೆ. ಕಚ್ಚಾವಸ್ತು, ಭಟ್ಟಿ ಅಥವಾ ತಯಾರಿಕಾ ಕ್ರಮ ಬದಲಾದಾಗಲೆಲ್ಲಾ ಹೊಸದಾಗಿ ಪರೀಕ್ಷೆ ಮಾಡಿಸಬೇಕು.

11. ಸೂಚನೆ

ಇದ್ದಿಲನ್ನು ನಿರ್ವಹಿಸುವಾಗ ಮೂಗು ಮತ್ತು ಬಾಯಿಗೆ ಮುಖಗವಸು ಧರಿಸಬೇಕು, ಧೂಳೇಳದಂತೆ ನೀರು ಚಿಮುಕಿಸಬೇಕು. ಹೊಸ ಇದ್ದಿಲು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅದನ್ನು ವಾಸದ ಮನೆ, ದನದ ಕೊಟ್ಟಿಗೆ ಅಥವಾ ಹುಲ್ಲಿನ ಬಣವೆಯ ಬಳಿ ದಾಸ್ತಾನು ಮಾಡತಕ್ಕದ್ದಲ್ಲ. ಪರೀಕ್ಷಾ ವರದಿ ಕೈಸೇರುವವರೆಗೆ ಹೊಸ ರಾಶಿಯನ್ನು ಜಮೀನಿಗೆ ಹಾಕದೆ, ಮಾರಾಟವನ್ನೂ ಮಾಡದೆ, ಮಳೆ ತಾಗದ ಪ್ರತ್ಯೇಕ ಸ್ಥಳದಲ್ಲಿ ಇರಿಸತಕ್ಕದ್ದು.